ಕೇಳದೆ ಬಂದ ಪುಸ್ತಕಗಳು

ದುಡ್ಡು ಮೊದಲು ಕೊಡಬೇಕು. ಬರುವ ಪುಸ್ತಕ ಯಾವುದು, ಬರೆದವರು ಯಾರು ಅನ್ನುವುದು ಅಂಚೆಯವನು ಬಾಗಿಲಿಗೆ ಬಂದು ಕಟ್ಟು ಕೊಟ್ಟು ಹೋದ ಮೇಲೆ ಗೊತ್ತಾಗುತ್ತದೆ. ಸೀರೆ ಅಂಗಡಿಯವನು ಇಂಥ ಕರಾರು ಹಾಕಿದರೆ ನಾವು ಚಪ್ಪಲಿ ಮೆಟ್ಟಿಕೊಂಡು ಎದ್ದು ಬರುತ್ತೇವೆ. ಆದರೆ 1933ರಲ್ಲಿ ಧಾರವಾಡದಲ್ಲಿ, ಇನ್ನೂ ಮೂವತ್ತು ತುಂಬದ ಜಿ.ಬಿ. ಜೋಶಿಯವರು ಹೆಚ್ಚುಕಡಿಮೆ ಇದೇ ಕರಾರಿನ ಮೇಲೆ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಜನ ಒಪ್ಪಿದರು. ಚಂದಾ ಕಟ್ಟಿದರು. ಬಂದದ್ದನ್ನು ಬಿಚ್ಚಿ ಓದಿದರು. ಮುಂದಿನ ವರ್ಷವೂ ಕಟ್ಟಿದರು. ಆ ಮಾಲೆಯಿಂದ ಬಂದ ದೊಡ್ಡ ದೊಡ್ಡ ಕೃತಿಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಮಾತಾಗಿದೆ. ನನಗೆ ಮಾತ್ರ ಅದಕ್ಕಿಂತ ದೊಡ್ಡ ಸೋಜಿಗ ಅಂದರೆ ಈ ಒಪ್ಪಿಗೆ. ಏನು ಬರುತ್ತದೋ ಗೊತ್ತಿಲ್ಲದೆ ಬಾಗಿಲು ತೆರೆದಿಟ್ಟ ಆ ಮನೆಗಳು.

ಕಾಲವನ್ನಾದರೂ ನೋಡಿ. ಧಾರವಾಡ ಆಗ ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಆ ಭಾಗದ ಓದುಬಲ್ಲ ಎಷ್ಟೋ ಮನೆಗಳಲ್ಲಿ ಓದು ಅಂದರೆ ಮರಾಠಿ ಓದು. ಹಿಂದಿನ ತಲೆಮಾರಿನ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆ ಆ ಕಡೆಯವರಿಗೆಲ್ಲ ಗೊತ್ತು. ಓದುವವರನ್ನು ಮೊದಲು ಹುಟ್ಟಿಸಿ, ಆಮೇಲೆ ಅವರಿಗೆ ಪುಸ್ತಕ ಮಾರಬೇಕಾದ ಕಾಲ ಅದು. ಆಗ ಬೇಂದ್ರೆಯವರ ಗೆಳೆಯರ ಗುಂಪಿನ ಗಾಳಿ ಕುಡಿದು ಬೆಳೆದ ಜೋಶಿಯವರು ತಲೆಹೊರೆಯ ಬದಲು ಚಂದಾ ರಸೀತಿ ಹಿಡಿದು ಹೊರಟರು. ಆನಂದಕಂದರ ‘ಸುದರ್ಶನ’ ಕಾದಂಬರಿಯಿಂದ ಮಾಲೆ ಶುರುವಾಯಿತು. ಶುರುವಿಗೆ ಕಾದಂಬರಿಯೇ ಸರಿ. ಕಥೆ ಬೇಡ ಅನ್ನುವ ಮನೆ ಇಲ್ಲ.

ಕಾದಂಬರಿಗೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಾದಂಬರಿಗೆ ಚಂದಾ ಕಟ್ಟಿದವನ ಮನೆಗೆ ನಾಟಕ ಬಂತು, ವಿಮರ್ಶೆ ಬಂತು, ಕವಿತೆ ಬಂತು, ಆತ್ಮಕಥೆ ಬಂತು. ಎಲ್ಲ ಬಂದದ್ದು ಧಾರವಾಡದ ಸುಭಾಸ ರಸ್ತೆಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಮಾಲೆಯ ಒಂದು ಜಾಗದಿಂದ. ಸಾಹಿತಿಗಳ ಬಾಯಲ್ಲಿ ಅದು ಬರೇ ‘ಅಟ್ಟ’. ‘ಅಟ್ಟಕ್ಕ ಹೋಗಿದ್ದೆ’ ಅಂದರೆ ಊರಿನವರಿಗೆ ಮತ್ತೇನೂ ವಿವರಿಸಬೇಕಿಲ್ಲ. ಬೇಂದ್ರೆಯವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಅಲ್ಲಿ ಹತ್ತಿ ಇಳಿದವರ ಪಟ್ಟಿ ದೊಡ್ಡದು. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ ಅಲ್ಲಿಂದ ಇಳಿದು ಬಂತು. ಶಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಅಲ್ಲಿಂದಲೇ ಬಂತು. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಒಂದೇ ಮೆಟ್ಟಿಲಿನಿಂದ ಇಳಿದವು ಅನ್ನುವುದೊಂದನ್ನು ಬಿಟ್ಟರೆ ಈ ಮೂರಕ್ಕೂ ಒಂದಕ್ಕೊಂದು ಯಾವ ನಂಟೂ ಇಲ್ಲ.

ಪ್ರಕಾಶಕರ ನಡುವೆ ಇವತ್ತಿಗೂ ಚಾಲ್ತಿಯಲ್ಲಿರುವ ಮಾತೊಂದಿದೆ: ಕವನ ಓಡಲ್ಲ, ನಾಟಕ ಓಡಲ್ಲ. ಸುಳ್ಳಲ್ಲ ಅದು. ಲೆಕ್ಕದ ಪುಸ್ತಕ ಹಿಡಿದು ಕೂತವನು ಹೇಳುವುದು ಇದನ್ನೇ. ನಾಟಕವಂತೂ ಅಚ್ಚಾದ ಮೇಲೂ ಪೂರ್ತಿಯಾಗದ ಪುಸ್ತಕ. ಕಾದಂಬರಿಕಾರ ನಮ್ಮ ಕೈಹಿಡಿದು ಒಳಗೆ ಕರೆದೊಯ್ಯುತ್ತಾನೆ. ಯಾರ ಮನಸ್ಸಿನಲ್ಲಿ ಏನು ನಡೆದಿದೆ, ಹೊರಗೆ ಮಳೆ ಬರುತ್ತಿತ್ತೋ ಇಲ್ಲವೋ, ಎಲ್ಲ ಹೇಳುತ್ತಾನೆ. ನಾಟಕಕಾರ ಒಂದು ಹೆಸರು ಬರೆದು, ಪಕ್ಕಕ್ಕೆ ಎರಡು ಚುಕ್ಕೆ ಇಟ್ಟು, ಮಾತೊಂದನ್ನು ಒಗೆದು ಸುಮ್ಮನಾಗುತ್ತಾನೆ. ಆ ಮಾತು ಯಾವ ದನಿಯಲ್ಲಿ ಬಂತು, ಆಡಿದವಳು ಕೂತಿದ್ದಳೋ ನಿಂತಿದ್ದಳೋ, ಕೇಳಿಸಿಕೊಂಡವನ ಮುಖ ಹೇಗಾಯಿತು, ಎಲ್ಲ ಓದುವವನೇ ಕಟ್ಟಿಕೊಳ್ಳಬೇಕು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಲಾಟೀನಿನ ಬೆಳಕಿನಲ್ಲಿ ನಾಟಕ ಓದಲು ಕೂತ ಚಂದಾದಾರ ತಾನು ಕೇಳದೆಯೇ ನಿರ್ದೇಶಕನಾಗಿಬಿಡುತ್ತಾನೆ. ನಟರೆಲ್ಲ ಅವನ ತಲೆಯೊಳಗೇ ಇರುವವರು. ಟಿಕೆಟ್ಟಿಲ್ಲ, ಪರದೆಯಿಲ್ಲ.

ನನ್ನ ಕಪಾಟಿನಲ್ಲಿ ಅರವತ್ತರ ದಶಕದ ಒಂದು ನಾಟಕದ ಪ್ರತಿ ಇದೆ. ಹಳೆ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದು, ರಕ್ಷಾಪುಟ ಹೋಗಿದೆ. ಮೊಳೆ ಜೋಡಿಸಿ ಒತ್ತಿದ ಅಚ್ಚು. ಹಾಳೆಯ ಹಿಂಬದಿಗೆ ಬೆರಳು ಆಡಿಸಿದರೆ ಅಕ್ಷರದ ಒತ್ತು ಸಣ್ಣಗೆ ಕೈಗೆ ಹತ್ತುತ್ತದೆ. ಕೆಲವು ಕಡೆ ಕೊಂಬು ಮುರಿದ ಮೊಳೆ ಬಿದ್ದು ‘ಕು’ ಎನ್ನುವುದು ‘ಕ’ ಆಗಿದೆ. ಒಂದು ‘ಠ’ ತಲೆಕೆಳಗಾಗಿ ನಿಂತಿದೆ. ಯಾವ ಕಂಪಾಜಿಟರನ ಯಾವ ಇಳಿಹೊತ್ತಿನ ನಿದ್ದೆಯೋ ಏನೋ. ಪಾತ್ರಗಳ ಪಟ್ಟಿ ಇರುವ ಪುಟದಲ್ಲಿ ಪ್ರತಿ ಹೆಸರಿನ ಮುಂದೂ ಪೆನ್ಸಿಲ್ಲಿನಲ್ಲಿ ಬೇರೆ ಹೆಸರುಗಳಿವೆ. ರಾಜನ ಮುಂದೆ ‘ದೊಡ್ಡಪ್ಪ’. ಮಂತ್ರಿಯ ಮುಂದೆ ‘ನಾನು’. ದಾಸಿಯ ಮುಂದೆ ಬರೆದದ್ದನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದ್ದಾರೆ. ಆ ಮನೆಯಲ್ಲಿ ಆ ಪಾತ್ರ ಮಾಡಲು ಯಾರೂ ಒಪ್ಪಲಿಲ್ಲವೋ, ಇಬ್ಬರು ಜಗಳಾಡಿದರೋ. ನಾಟಕ ಆಡಿದ್ದರೋ ಇಲ್ಲವೋ ಅನ್ನುವುದಕ್ಕೂ ಗುರುತಿಲ್ಲ. ಆದರೆ ಕಾದಂಬರಿಯ ಅಂಚಿನಲ್ಲಿ ದೊಡ್ಡಪ್ಪನ ಹೆಸರು ಬರೆದವರನ್ನು ನಾನಂತೂ ಕಂಡಿಲ್ಲ.

1961ರಲ್ಲಿ ಮಾಲೆಯಲ್ಲಿ ‘ಯಯಾತಿ’ ಬಂತು. ಬರೆದವರು ಯಾರಿಗೂ ಗೊತ್ತಿಲ್ಲದ, ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೊರಟಿದ್ದ 22–23ರ ಹುಡುಗ. ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸುತ್ತಿದ್ದ ತನ್ನ ಕೈಯಿಂದ ಮಹಾಭಾರತದ ಕಥೆಯೊಂದು ಕನ್ನಡದಲ್ಲಿ, ಅದೂ ನಾಟಕವಾಗಿ ಬಂದದ್ದು ತನಗೇ ಅಚ್ಚರಿ ತಂದಿತೆಂದು ಗಿರೀಶ ಕಾರ್ನಾಡರು ಮುಂದೆ ಹೇಳಿಕೊಂಡಿದ್ದಾರೆ. ಬರೆದವನಿಗೇ ಕೇಳದೆ ಬಂದದ್ದು ಅದು. ಅಪ್ಪನ ಮುಪ್ಪನ್ನು ಹೊತ್ತು ಒಳಗೆ ಬಂದ ಪುರುವಿನ ಎದುರು, ಮೂಲ ಮಹಾಭಾರತದಲ್ಲಿಲ್ಲದ ಹೆಂಡತಿ ಚಿತ್ರಲೇಖೆಯನ್ನು ತಂದು ನಿಲ್ಲಿಸಿದ ಕೈ ಇದು: ಅಪ್ಪ ಮಗನ ತ್ಯಾಗದ ಕಥೆಯಲ್ಲಿ ಆ ಹೆಂಡತಿಯ ಪಾಲೇನು ಎಂದು ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಯಯಾತಿಯ ಕಥೆಯನ್ನು ಪುರಾಣ ಶ್ರವಣದಲ್ಲಿ ನೂರು ಸಲ ಕೇಳಿ ತಲೆಯಾಡಿಸಿದ ಮನೆಯೊಳಕ್ಕೆ ಈ ಪುಸ್ತಕ ಅಂಚೆಯಲ್ಲಿ ಹೋದ ಬಗೆಯನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಸ್ವಲ್ಪ ಭಯವೂ ಆಗುತ್ತದೆ. ಅಂಗಡಿಯಲ್ಲಿ ಇಟ್ಟಿದ್ದರೆ ಆ ಮನೆಯ ಯಜಮಾನ ಅದನ್ನು ಕೈಗೆತ್ತಿಕೊಳ್ಳುತ್ತಿದ್ದನೇ? ಎತ್ತಿಕೊಂಡಿದ್ದರೂ ಬಹುಶಃ ಭಕ್ತಿಪರ ಪುಸ್ತಕ ಅಂದುಕೊಂಡು.

ವಿಮರ್ಶೆಯ ಪುಸ್ತಕಗಳಂತೂ ನಾಟಕಕ್ಕಿಂತಲೂ ಕಷ್ಟದ ಸರಕು. ಮಾಲೆಯ ಬೆಳ್ಳಿಹಬ್ಬದ ನೆಪದಲ್ಲಿ ‘ನಡೆದು ಬಂದ ದಾರಿ’ ಸಂಪುಟಗಳು ಬಂದವು. ಅದಕ್ಕಾಗಿ ಕೀರ್ತಿನಾಥ ಕುರ್ತಕೋಟಿಯವರು ಹೊಸಗನ್ನಡ ಸಾಹಿತ್ಯದ ದೊಡ್ಡ ಸಮೀಕ್ಷೆಯನ್ನೇ ಬರೆದರು. ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ ಎಂದು ಇಂದಿಗೂ ವಿದ್ಯಾರ್ಥಿಗಳು ಹುಡುಕುವುದು ಅದನ್ನೇ. ಅಲ್ಲಿ ಒಂದು ಕಡೆ ಅವರು, ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕಗಳಿಲ್ಲ ಎಂದು ಕೊರಗಿದ್ದರು. ವಿಮರ್ಶಕರು ಕೊರಗುವುದು ಹೊಸದಲ್ಲ. ನಾವು ಪುಟ ತಿರುವಿ ಮುಂದೆ ಹೋಗುತ್ತೇವೆ. ಕಾರ್ನಾಡರು ಹೋಗಲಿಲ್ಲ. ಆ ಮಾತು ಮನಸ್ಸಿಗೆ ನಾಟಿ, ಭಾರತದ ಇತಿಹಾಸದ ಪುಸ್ತಕ ತೆಗೆದು ಮೊದಲಿನಿಂದ ಓದುತ್ತ ಹೋದರು. ಹೋಗುತ್ತ ಹೋಗುತ್ತ 14ನೇ ಶತಮಾನದ ಮುಹಮ್ಮದ್ ಬಿನ್ ತುಘಲಕನ ಹತ್ತಿರ ಬಂದು ನಿಂತುಬಿಟ್ಟರು. ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಎತ್ತಿಕೊಂಡು ಹೋದವನು, ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ಚಲಾಯಿಸಲು ಹೋಗಿ ಕೈಸುಟ್ಟುಕೊಂಡವನು. 1964ರಲ್ಲಿ ‘ತುಘಲಕ್’ ಬಂತು. ಮತ್ತೆ ಅದೇ ಅಟ್ಟದಿಂದ.

ಇದನ್ನು ನಾನು ಎಷ್ಟು ಸಲ ಯೋಚಿಸಿದರೂ ಬೆರಗು ಮುಗಿಯುವುದಿಲ್ಲ. ಒಬ್ಬ ಪ್ರಕಾಶಕ ಕಥನವನ್ನೂ ನಾಟಕವನ್ನೂ ವಿಚಾರವನ್ನೂ ಅಚ್ಚುಹಾಕುತ್ತಾನೆ ಅಂದರೆ ಅಂಗಡಿಯಲ್ಲಿ ಮೂರು ಕಪಾಟು ಇವೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಇಲ್ಲಿ ಒಂದು ಕಪಾಟಿನ ಪುಸ್ತಕ ಇನ್ನೊಂದು ಕಪಾಟಿನ ಪುಸ್ತಕವನ್ನು ಹಡೆಯಿತು. ‘ಇಲ್ಲ’ ಎಂದು ಬರೆದ ಒಂದು ವಾಕ್ಯ, ‘ಇದೆ’ ಎನ್ನುವ ಇಡೀ ನಾಟಕವಾಗಿ ಅದೇ ಮನೆಗೆ ವಾಪಸು ಬಂತು. ಸಮೀಕ್ಷೆಯ ದಪ್ಪ ಸಂಪುಟ ತರಿಸಿಕೊಂಡು ‘ಇದನ್ನು ಯಾರು ಓದ್ತಾರ’ ಎಂದು ಮಾಡಿನ ಮೇಲಿಟ್ಟ ಚಂದಾದಾರ ಕೂಡ ತುಘಲಕನ ಹುಟ್ಟಿಗೆ ಒಂದಿಷ್ಟು ಕಾಸು ಹಾಕಿದ್ದ. ಅವನಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಬಿ.ವಿ. ಕಾರಂತರು ಅದನ್ನು ಹಿಂದೂಸ್ತಾನಿಗೆ ತಂದದ್ದು, ಎಪ್ಪತ್ತರ ದಶಕದಲ್ಲಿ ನಿರ್ದೇಶಕ ಅಲ್ಕಾಜಿಯವರು ದಿಲ್ಲಿಯ ಪುರಾನಾ ಕಿಲಾದ ಕಲ್ಲುಗಳ ನಡುವೆ ಆಡಿಸಿದ್ದು ಎಲ್ಲ ದೊಡ್ಡ ಸುದ್ದಿ. ತನ್ನ ದಿಲ್ಲಿಯನ್ನೇ ಖಾಲಿ ಮಾಡಿಸಿದ ಸುಲ್ತಾನ ಧಾರವಾಡದ ದಾರಿ ಹಿಡಿದು ದಿಲ್ಲಿಗೆ ಮರಳಿದ.

ಇನ್ನು ‘ಸಂಸ್ಕಾರ’. ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಯು.ಆರ್. ಅನಂತಮೂರ್ತಿಯವರು ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರ ನೋಡಿ ಬಂದ ಹುರುಪಿನಲ್ಲಿ ಬರೆದ ಕಾದಂಬರಿ. ಮಧ್ಯಯುಗದ ಯುರೋಪಿನ ಪ್ಲೇಗಿನ ಚಿತ್ರ ನೋಡಿ ಬಂದವರು ಮಲೆನಾಡಿನ ದೂರ್ವಾಸಪುರದ ಅಗ್ರಹಾರದ ಪ್ಲೇಗು ಬರೆದರು. ಸತ್ತ ನಾರಣಪ್ಪನ ಹೆಣ ಬಿದ್ದಿದೆ. ಸುಡುವವರು ಯಾರು ಎಂದು ತೀರ್ಮಾನವಾಗದೆ ಇಡೀ ಅಗ್ರಹಾರ ಊಟ ಬಿಟ್ಟು ಕೂತಿದೆ. ಹಸ್ತಪ್ರತಿ ಇಂಗ್ಲೆಂಡಿನಿಂದ ಬಂದು ಅಟ್ಟ ಹತ್ತಿತು, 1965ರಲ್ಲಿ ಪುಸ್ತಕವಾಗಿ ಇಳಿಯಿತು. ಈಗ ಒಂದು ಮನೆಯನ್ನು ಊಹಿಸಿ: ವೈಶ್ವದೇವ ತಪ್ಪದ, ಮಡಿ ಹುಡಿ ಬಿಡದ ಮನೆ, ಯಜಮಾನರು ಜೋಶಿಯವರ ಮೇಲಿನ ವಿಶ್ವಾಸಕ್ಕೆ ಚಂದಾ ಕಟ್ಟಿದ್ದಾರೆ. ಮಧ್ಯಾಹ್ನ ಗಂಡಸರು ಕಚೇರಿಗೆ ಹೋದ ಮೇಲೆ ಕಟ್ಟು ಬಿಚ್ಚಿ ಮೊದಲು ಓದುವವಳು ಸೊಸೆ. ಅವಳು ಓದಿ ಮುಗಿಸಿ ಯಾರ ಹತ್ತಿರ ಏನು ಮಾತಾಡಿದಳು? ಸಂಜೆ ಮಾವನವರ ಕೈಗೆ ಕೊಟ್ಟಳೋ, ಅಕ್ಕಿಡಬ್ಬಿಯ ಹಿಂದೆ ಸರಿಸಿದಳೋ? ಸಾಹಿತ್ಯ ಚರಿತ್ರೆಯಲ್ಲಿ ‘ಸಂಸ್ಕಾರ’ದ ಪರ ವಿರೋಧ ಬರೆದವರ ಹೆಸರುಗಳೆಲ್ಲ ದಾಖಲಾಗಿವೆ. ನನಗೆ ಕುತೂಹಲ ಇರುವುದು ಈ ಸೊಸೆಯ ಮೇಲೆ. ತಾನಾಗಿ ಅಂಗಡಿಗೆ ಹೋಗಿ ಆ ಪುಸ್ತಕ ಕೊಳ್ಳುವ ದುಡ್ಡೂ ಅವಳ ಕೈಯಲ್ಲಿರಲಿಲ್ಲ, ಧೈರ್ಯವೂ ಇದ್ದಿರಲಿಕ್ಕಿಲ್ಲ. ಮಾಲೆ ಅವಳನ್ನು ಕೇಳದೆ ಅವಳ ಮಡಿಲಿಗೆ ಹಾಕಿಹೋಯಿತು.

ಇಷ್ಟು ಹೇಳಿದ ಮೇಲೆ ಜೋಶಿಯವರನ್ನು ತ್ರಿಕಾಲಜ್ಞಾನಿ ಮಾಡುವ ಚಪಲ ನಮಗೆ. ಅದು ಬೇಡ. ಹಳೆಯ ಪುಸ್ತಕಗಳ ಹಿಂಬದಿಯಲ್ಲಿ ಅಚ್ಚಾದ ಪ್ರಕಟಣೆಗಳ ಪಟ್ಟಿ ಓದುವುದು ನನ್ನದೊಂದು ಚಟ. ಯಾವ ಪ್ರಕಾಶಕನ ಪಟ್ಟಿಯನ್ನೇ ನೋಡಿ, ಗೊತ್ತಿರುವ ಒಂದು ಹೆಸರಿನ ಅಕ್ಕಪಕ್ಕ ಗೊತ್ತಿಲ್ಲದ ನಾಲ್ಕಾರು ಹೆಸರು. ಇವತ್ತು ಅವನ್ನು ಓದುವವರಿಲ್ಲ, ಮರುಮುದ್ರಣವಿಲ್ಲ, ಗ್ರಂಥಾಲಯದಲ್ಲೂ ಪ್ರತಿ ಸಿಕ್ಕರೆ ಪುಣ್ಯ. ಆದರೆ ಬಂದ ದಿನ ಅವಕ್ಕೂ ‘ಸಂಸ್ಕಾರ’ಕ್ಕೂ ಯಾವ ಭೇದವೂ ಇರಲಿಲ್ಲ. ಅದೇ ಅಂಚೆ ದರ, ಅದೇ ಸುತಲಿ, ಅದೇ ಕಂದು ಕಾಗದ. ‘ನಾನು ಉಳಿಯುವ ಪುಸ್ತಕ’ ಎಂದು ಯಾವುದರ ರಟ್ಟಿನ ಮೇಲೂ ಬರೆದಿರಲಿಲ್ಲ. ಮರೆತುಹೋದವು ದಂಡವಾದವು ಅನ್ನಲು ನನಗೆ ಮನಸ್ಸಿಲ್ಲ. ಅವು ಬಂದದ್ದರಿಂದ ಚಂದಾದಾರನಿಗೆ ಕಟ್ಟು ಬಿಚ್ಚುವ ರೂಢಿ ಉಳಿಯಿತು. ಆ ರೂಢಿ ಉಳಿದದ್ದರಿಂದ ‘ಯಯಾತಿ’ ಬಂದಾಗ ಮನೆಯಲ್ಲಿ ಬಿಚ್ಚುವವರು ಇದ್ದರು. ಒಳ್ಳೆಯದನ್ನು ಮಾತ್ರ ಆರಿಸಿ ಪ್ರಕಟಿಸುತ್ತೇನೆ ಎಂದು ಹೊರಟವನ ಮಾಲೆ ಎರಡನೇ ವರ್ಷಕ್ಕೇ ನಿಂತಿರುತ್ತಿತ್ತು ಅನ್ನುವುದು ನನ್ನ ಗುಮಾನಿ.

ಜೋಶಿಯವರು ಬರೇ ಅಚ್ಚುಹಾಕಿಸುವವರೂ ಆಗಿರಲಿಲ್ಲ. ‘ಜಡಭರತ’ ಎಂಬ ಹೆಸರಿನಲ್ಲಿ ಬರೆದವರು. ಅವರ ‘ಧರ್ಮಸೆರೆ’ ಕಾದಂಬರಿ 1979ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆಯಿತು. ‘ಸತ್ತವರ ನೆರಳು’ ನಾಟಕವನ್ನು ಬಿ.ವಿ. ಕಾರಂತರು ದಾಸರ ಪದಗಳ ಜತೆ ರಂಗಕ್ಕೆ ತಂದಾಗ ಜನ ಮುಗಿಬಿದ್ದು ನೋಡಿದರು. ‘ಮೂಕಬಲಿ’, ‘ಕದಡಿದ ನೀರು’ ಅವರವೇ. ಹಸ್ತಪ್ರತಿ ಹಿಡಿದು ಬಂದವನ ಎದೆಬಡಿತ ಎಷ್ಟಿರುತ್ತದೆ ಅನ್ನುವುದು ಮೇಜಿನ ಈಚೆ ಕೂತವರಿಗೂ ಗೊತ್ತಿತ್ತು. 1993ರಲ್ಲಿ ಅವರು ತೀರಿಕೊಂಡರು; ಮಾಲೆ ಮನೆಯವರ ಕೈಯಲ್ಲಿ ಮುಂದುವರಿಯಿತು.

ಇಂಥದ್ದು ಇದೊಂದೇ ಅಂತಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ನಡುವೆ ಅಕ್ಷರ ಪ್ರಕಾಶನ ಕಟ್ಟಿದರು. ಅಲ್ಲಿಯ ಸೊಗಸೇ ಬೇರೆ. ಪಕ್ಕದಲ್ಲೇ ನೀನಾಸಮ್ ನಾಟಕ ಸಂಸ್ಥೆ, ಅದರ ರಂಗಮಂದಿರ. ಅಚ್ಚಾದ ನಾಟಕ ತಲೆಯೊಳಗಿನ ನಟರಿಗಾಗಿ ಕಾಯಬೇಕಿಲ್ಲ, ನಾಲ್ಕು ಹೆಜ್ಜೆ ನಡೆದರೆ ರಂಗ ಸಿಗುತ್ತದೆ. 1985ರಿಂದ ನೀನಾಸಮ್ ‘ತಿರುಗಾಟ’ ತಂಡದ ವಾಹನ ಹತ್ತಿ ಊರೂರಿಗೂ ಹೋಗುತ್ತದೆ. 

ಮತ್ತೆ ಮನೋಹರ ಗ್ರಂಥಮಾಲೆಗೆ, ಅದರ ಆತ್ಮಕಥೆಯ ಕಪಾಟಿಗೆ ಬರೋಣ. 2011ರಲ್ಲಿ ಕಾರ್ನಾಡರ ‘ಆಡಾಡತ ಆಯುಷ್ಯ’ ಬಂತು. ‘ಯಯಾತಿ’ಯಿಂದ 2018ರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಯವರೆಗೆ ಅವರು ಅಟ್ಟ ಬಿಡಲಿಲ್ಲ. ಒಬ್ಬ ಲೇಖಕ, ಒಂದೇ ಪ್ರಕಾಶನ, 57 ವರ್ಷ. ಬೇರೆ ಊರಿನ ದೊಡ್ಡ ದೊಡ್ಡ ಕಂಪನಿಗಳು ಅವರನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕುತ್ತಿದ್ದಾಗಲೂ ಕನ್ನಡದ ಹಸ್ತಪ್ರತಿ ಹೋಗುತ್ತಿದ್ದದ್ದು ಸುಭಾಸ ರಸ್ತೆಗೇ.

ಆ ಆತ್ಮಕಥೆಯ ಅರ್ಪಣೆ ಒಬ್ಬ ಡಾಕ್ಟರಿಗೆ. ಕಾರ್ನಾಡರು ದೊಡ್ಡವರಾದ ಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ ತಾಯಿ ಸಹಜವಾಗಿ ಹೇಳಿದರಂತೆ: ನೀನು ಹೊಟ್ಟೆಯಲ್ಲಿದ್ದಾಗ ಇರುವ ಮಕ್ಕಳೇ ಸಾಕು ಅನ್ನಿಸಿ, ಪುಣೆಯಲ್ಲಿ ಡಾಕ್ಟರರ ಹತ್ತಿರ ಹೋಗಿದ್ದೆವು. ಡಾಕ್ಟರು ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾದು ಎದ್ದು ಬಂದೆವು. ಮತ್ತೆ ಹೋಗಲಿಲ್ಲ. ಮಗ ಬೆಚ್ಚಿಬಿದ್ದರು. ತಾನಿಲ್ಲದೆಯೂ ಈ ಜಗತ್ತು ಏನೂ ಆಗದಂತೆ ನಡೆದುಕೊಂಡು ಹೋಗಬಹುದಿತ್ತಲ್ಲ ಅನ್ನುವ ಯೋಚನೆ ಅವರನ್ನು ಹಿಡಿಯಿತು. ಅಂದು ತಡಮಾಡಿದ ಆ ಡಾಕ್ಟರ್ ಮಧುಮಾಲತಿ ಗುಣೆಯವರಿಗೇ ಪುಸ್ತಕ ಅರ್ಪಿತವಾಗಿದೆ.

ಆ ಪುಟ ಓದಿದ ದಿನ ನನ್ನ ತಲೆ ಡಾಕ್ಟರರನ್ನು ಬಿಟ್ಟು ಚಂದಾದಾರರ ಕಡೆ ಓಡಿತು. ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದಿದ್ದರೆ 1961ರಲ್ಲಿ ಅವರ ಮನೆಗಳಿಗೆ ಬೇರೆ ಯಾವುದೋ ಪುಸ್ತಕ ಹೋಗುತ್ತಿತ್ತು. ಬಹುಶಃ ಒಳ್ಳೆಯ ಕಾದಂಬರಿಯೇ. ಓದಿ, ಚೆನ್ನಾಗಿದೆ ಅಂದು, ಕಪಾಟಿನಲ್ಲಿ ಇಡುತ್ತಿದ್ದರು. ಏನೋ ಕಡಿಮೆ ಬಿತ್ತೆಂದು ಜೋಶಿಯವರಿಗೆ ಕಾಗದ ಬರೆಯುವವರು ಒಬ್ಬರೂ ಇರುತ್ತಿರಲಿಲ್ಲ. ಚಿತ್ರಲೇಖೆಯ ಪಾಲೇನು ಎಂದು ಯಾರೂ ಕೇಳುತ್ತಿರಲಿಲ್ಲ. ಕುರ್ತಕೋಟಿಯವರ ದೂರು ಮಾತ್ರ ಆ ಸಂಪುಟದಲ್ಲಿ ಹಾಗೇ ಇರುತ್ತಿತ್ತು; ನಾವು ಇವತ್ತೂ ಅದನ್ನು ಓದಿ, ಹೌದಲ್ಲ, ಒಂದು ಒಳ್ಳೆ ಐತಿಹಾಸಿಕ ನಾಟಕ ನಮ್ಮಲ್ಲಿ ಇಲ್ಲ ಎಂದು ತಲೆಯಾಡಿಸಿ ಪುಟ ತಿರುವುತ್ತಿದ್ದೆವು.